ಪರವಾನಗಿ ಬೇಡವೆಂದರೆ ಹೊಣೆಯೂ ಬೇಡವೆ?

ಘಾಟಿ ಸುಬ್ರಹ್ಮಣ್ಯದ ಸುತ್ತಲಿನ ಹಳ್ಳಿಗಳಿಗೆ ಅಂತರ್ಜಾಲ ಬೇಕು. ಈ ಬಗ್ಗೆ ನಮ್ಮ ತಕರಾರಿಲ್ಲ. ಮಕ್ಕಳ ಪಾಠಕ್ಕೂ ರೈತರ ಪಹಣಿಗೂ ಇಂದು ಅದು ಅನಿವಾರ್ಯ. 2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಆಪ್ಟಿಕಲ್ ಫೈಬರನ್ನು ಗ್ರಾಮ ಪಂಚಾಯಿತಿಗಳಿಗೆ ತಲುಪಿಸುವ ಉದ್ದೇಶದ್ದು. ಅಲ್ಲಿಂದ ಗುಡ್ಡದಾಚೆಯ ಊರಿಗೆ ನಿಸ್ತಂತು ಉಪಕರಣವೇ ಅಗ್ಗದ ದಾರಿ. ತುಮಕೂರಿನ ದೇವರಾಯನದುರ್ಗದ ಬಳಿ ಜನಸ್ತು ಸಂಸ್ಥೆಯವರು ಸಮುದಾಯವೇ ನಡೆಸಬಹುದಾದ ಇಂಥ ಜಾಲದ ಪ್ರಯೋಗ ಮಾಡಿದ್ದಾರೆ.

ಇದಕ್ಕೆ ಕಾನೂನಿನ ಬಾಗಿಲೂ ತೆರೆದಿದೆ. 2005ರಲ್ಲಿ ಕೇಂದ್ರ ಸರ್ಕಾರವು 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು, 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನು, ನಿಗದಿತ ಶಕ್ತಿಮಿತಿಯೊಳಗೆ ಪರವಾನಗಿಮುಕ್ತಗೊಳಿಸಿತು. ಆದರೆ ಮುಕ್ತವಾದದ್ದು ತರಂಗ ಮಾತ್ರ. ಅದನ್ನು ಹೊರುವ ಕಂಬ, ಕಂಬ ನಿಲ್ಲುವ ಬಂಡೆ, ಏರುವ ಹುಡುಗನ ಪ್ರಾಣ ಇವುಗಳ ಹೊಣೆಯಿಂದ ಯಾರೂ ಮುಕ್ತರಾಗಲಿಲ್ಲ. ತರಂಗಕ್ಕೆ ಅರ್ಜಿ ಹಾಕಬೇಕಿಲ್ಲವಾದ್ದರಿಂದ ಕಂಬವನ್ನು ಪರೀಕ್ಷಿಸಲು ಯಾರೂ ಬರುವುದಿಲ್ಲ. ಆ ಪರೀಕ್ಷೆಯನ್ನು ಊರೇ ಮಾಡಬೇಕೆಂಬುದು ನಮ್ಮ ವಾದ.

ಮೊದಲನೆಯದು ಮರದ ಪ್ರಶ್ನೆ. ಎತ್ತರ ಬೇಕೆಂದಾಗ ಎದುರಿಗಿರುವ ಅರಳಿಗೋ ನೀಲಗಿರಿಗೋ ಮೊಳೆ ಹೊಡೆಯುವುದು ಸುಲಭ. ಮೊಳೆಯ ಗಾಯದಿಂದ ಶಿಲೀಂಧ್ರ ಒಳಹೊಗುತ್ತದೆ. ಗಾಳಿಗೆ ಮರ ತೂಗಿದಂತೆಲ್ಲ ಆಂಟೆನಾದ ಗುರಿ ತಪ್ಪುತ್ತದೆ. ನೀರು ತುಂಬಿದ ಎಲೆಗಳು ತರಂಗವನ್ನು ಹೀರುವುದರಿಂದ, ಬೇಗನೆ ಕೊಂಬೆ ಕಡಿಯುವ ಮಾತೂ ಬರುತ್ತದೆ. 5.8 ಗಿಗಾಹರ್ಟ್ಸ್‌ನಲ್ಲಿ 5 ಕಿ.ಮೀ. ಸಂಪರ್ಕಕ್ಕೆ ನಡುದಾರಿಯಲ್ಲಿ ನೇರ ದೃಷ್ಟಿರೇಖೆಯ ಸುತ್ತ ಸುಮಾರು 8 ಮೀಟರ್ ತ್ರಿಜ್ಯದ ವಲಯವಿರುತ್ತದೆ. ಅದರ ಬಹುಭಾಗ ತೆರವಿರಬೇಕು. ಅದೇ ದೂರವನ್ನು ಎರಡು ಜಿಗಿತಗಳಾಗಿ ಒಡೆದರೆ ಈ ತ್ರಿಜ್ಯ 6 ಮೀಟರಿಗೂ ಕಡಿಮೆ. ನಡುವಿನ ಶಾಲೆಯ ತಾರಸಿಯಲ್ಲೊಂದು ಉಪಕರಣವಿಟ್ಟರೆ ಮರವೂ ಉಳಿದೀತು, ಎತ್ತರದ ಕಂಬದ ಖರ್ಚೂ ತಪ್ಪೀತು.

ಎರಡನೆಯದು ಸಿಡಿಲು. ಮುಂಗಾರಿಗೆ ಮುನ್ನ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಯಲುಸೀಮೆಯ ಬೆಟ್ಟಗಳ ಮೇಲೆ ಗುಡುಗು ಹೆಚ್ಚು. ಮಾಕಳಿದುರ್ಗದಂಥ ಬೋಳುಬಂಡೆಯ ನೆತ್ತಿಯಲ್ಲಿ ನಿಂತ ಕಬ್ಬಿಣದ ಕಂಬ ಸಿಡಿಲಿಗೆ ಆಹ್ವಾನವಿತ್ತಂತೆ. ಒಣ ಗ್ರಾನೈಟ್ ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡದು. ಆದ್ದರಿಂದ ಬಂಡೆಗೆ ಒಂದು ಸರಳು ತೂರಿಸಿ ಭೂಸಂಪರ್ಕವಾಯಿತೆಂದುಕೊಳ್ಳುವುದು ಆತ್ಮವಂಚನೆ. ತಾಮ್ರದ ಪಟ್ಟಿಯನ್ನು ತೇವದ ಮಣ್ಣಿನವರೆಗೆ ಇಳಿಸಬೇಕು. ಕೇಬಲ್ ಕಟ್ಟಡದೊಳಗೆ ಹೋಗುವಲ್ಲಿ ಮಿಂಚುನಿರೋಧಕವಿದ್ದು, ಅದನ್ನೂ ಕಂಬದ ಭೂಸಂಪರ್ಕವನ್ನೂ ಕಟ್ಟಡದ ಭೂಸಂಪರ್ಕಕ್ಕೆ ಜೋಡಿಸಬೇಕು. ಇಲ್ಲವಾದರೆ ಸಿಡಿಲಿನ ದಾರಿ ಶಾಲೆಯ ಕಂಪ್ಯೂಟರಿನ ಮೂಲಕ, ಅದರ ಮುಂದೆ ಕುಳಿತ ಮಗುವಿನ ಮೂಲಕ ಹಾದುಹೋದೀತು. ಇನ್ನು ಗುಂಡಿಯ ಜಾಗ: ನಾಗಾರಾಧನೆಯ ಈ ಕ್ಷೇತ್ರದಲ್ಲಿ ಹುತ್ತವನ್ನು ಅಗೆಯಬಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಏರುವವನ ಪ್ರಾಣ. ದಿನಗೂಲಿಯ ಹುಡುಗನನ್ನು ಬರಿಗಾಲಲ್ಲಿ, ಹಗ್ಗವಿಲ್ಲದೆ ಹತ್ತಿಸುವುದು ಮಿತವ್ಯಯವಲ್ಲ, ಅಪರಾಧ. ಮೈಪೂರ ಹಿಡಿಯುವ ಸುರಕ್ಷಾಪಟ್ಟಿ, ಶಿರಸ್ತ್ರಾಣ, ಕೆಳಗೊಬ್ಬ ಸಂಗಾತಿ ಇರಲೇಬೇಕು. ಕಂಬ ಅಡ್ಡಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ಗುಡುಗು ಕೇಳಿದರೆ ಇಳಿಯಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯದೆ ಮತ್ತೆ ಏರಕೂಡದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮುನ್ಸೂಚನೆಗೆಂದೇ ‘ಸಿಡಿಲು’ ಎಂಬ ಮೊಬೈಲ್ ಆ್ಯಪ್ ರೂಪಿಸಿದೆ.

ಇಷ್ಟೆಲ್ಲ ಷರತ್ತು ಹಾಕಿದರೆ ಸಂಪರ್ಕವೇ ಬಾರದೆಂದು ಕೆಲವರು ಆಕ್ಷೇಪಿಸಬಹುದು. ಭೂಸಂಪರ್ಕ, ಸುರಕ್ಷಾಪಟ್ಟಿಗಳಿಗೆ ತಗಲುವ ವೆಚ್ಚ ನಿಜ. ಆದರೆ ಅದನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿಸದಿದ್ದರೆ ಬಡವನೊಬ್ಬನ ಮನೆ ಆ ಬೆಲೆ ತೆರಬೇಕಾಗುತ್ತದೆ. ಜಾತ್ರೆಗೆಂದು ತಾತ್ಕಾಲಿಕವಾಗಿ ಎಳೆಯುವ ತಂತಿಗಳಿಗೂ ಇದೇ ನಿಯಮ ಅನ್ವಯಿಸಲಿ. ಜಾತ್ರೆ ಮುಗಿದೊಡನೆ ಅವು ಇಳಿಯಲಿ.

ಪಂಚಾಯಿತಿ ಒಪ್ಪಿಗೆ ಕೊಡುವ ಮುನ್ನ ಗ್ರಾಮಸಭೆಯಲ್ಲಿ ನಾವು ಕೇಳಬೇಕಾದುದು ಇಷ್ಟೇ: ಕಂಬ ಎಲ್ಲಿ ನಿಲ್ಲುತ್ತದೆ? ಭೂಸಂಪರ್ಕ ಎಲ್ಲಿಗೆ ಇಳಿಯುತ್ತದೆ? ಯಾರು ಏರುತ್ತಾರೆ, ಅವರಿಗೆ ವಿಮೆಯಿದೆಯೆ? ಕೆಟ್ಟುಹೋದ ಉಪಕರಣವನ್ನು ಬೆಟ್ಟದಿಂದ ಇಳಿಸುವವರಾರು? ಉತ್ತರಗಳು ಲಿಖಿತವಾಗಿ ನಡಾವಳಿ ಪುಸ್ತಕದಲ್ಲಿ ದಾಖಲಾದ ಮೇಲೆ ಕಂಬ ಏಳಲಿ.