ನೀಲಾಂಜನೆಯ ಸಭೆಯಲ್ಲಿ ಒಬ್ಬ ಕೇಳುಗ

ಪಂಪನ ಆದಿಪುರಾಣವನ್ನು ಪಾಠ ಮಾಡುವಾಗ ನೀಲಾಂಜನೆಯ ಪ್ರಸಂಗಕ್ಕೆ ಬಂದರೆ ನನಗೆ ನಿಗದಿತ ಅವಧಿ ಸಾಲುವುದಿಲ್ಲ. ಕಥೆ ಎಲ್ಲರೂ ಬಲ್ಲದ್ದೇ. ಆದಿದೇವನಲ್ಲಿ ವೈರಾಗ್ಯ ಮೂಡಲೆಂದು ಇಂದ್ರನು ಆಯುಷ್ಯ ಮುಗಿಯುತ್ತ ಬಂದಿರುವ ದೇವನರ್ತಕಿಯನ್ನು ಸಭೆಯಲ್ಲಿ ಕುಣಿಸುತ್ತಾನೆ. ನೃತ್ಯದ ನಡುವೆಯೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ತತ್‌ಕ್ಷಣ ಅವಳಂಥವಳೇ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಇದು ತಿಳಿಯುವುದಿಲ್ಲ, ಆದಿದೇವನಿಗೆ ತಿಳಿಯುತ್ತದೆ.

ಈ ಪ್ರಸಂಗವನ್ನು ಬದುಕಿನ ಅನಿತ್ಯತೆಗೆ ದೃಷ್ಟಾಂತವಾಗಿ ಓದುವುದು ರೂಢಿ. ಅದು ಸರಿಯೂ ಹೌದು. ಆದರೆ ನನಗೆ ಇದು ಕಲೆಯ ಮುಂದೆ ಕುಳಿತವರ ಕಥೆಯಾಗಿಯೂ ಕಾಣುತ್ತದೆ. ತುಂಬಿದ ಸಭೆಯಲ್ಲಿ ನಿಜವಾಗಿ ನೋಡುತ್ತಿದ್ದವನು ಒಬ್ಬನೇ. ಉಳಿದವರು ಸಂತೋಷಪಡುತ್ತಿದ್ದರು, ಅಷ್ಟೆ.

ಉಳಿದವರ ಸಾಲಿನಲ್ಲಿ ನಾನೂ ಕುಳಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಸಾಂಸ್ಕೃತಿಕ ಸಮಾರಂಭದಲ್ಲಿ ಗಾಯಕಿಯೊಬ್ಬರು ವಚನಗಳನ್ನು ಹಾಡಿದರು. ಬಳಿಕ ಮಾತನಾಡುವ ಸರದಿ ನನ್ನದು. ಶ್ರುತಿಶುದ್ಧಿ, ಉಚ್ಚಾರ, ಭಾವ ಎಂದೆಲ್ಲ ಹತ್ತು ನಿಮಿಷ ಹೊಗಳಿದೆ. ಕೆಳಗಿಳಿದಾಗ ನನ್ನ ವಿದ್ಯಾರ್ಥಿನಿಯೊಬ್ಬಳು ಸಂಕೋಚದಿಂದ ಹೇಳಿದಳು: “ಸರ್, ಅದು ಟ್ರ್ಯಾಕ್. ಅವರು ಸೆರಗು ಸರಿಮಾಡಿಕೊಳ್ಳುವಾಗ ಮೈಕು ಪಕ್ಕಕ್ಕೆ ಹೋಯಿತು, ಹಾಡು ನಿಲ್ಲಲಿಲ್ಲ.” ಆ ಗಾಯಕಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವರಿಗೆ ಅವರ ಕಷ್ಟಗಳಿರಬಹುದು. ಮೂವತ್ತು ವರ್ಷ ಸಂಗೀತ ಕೇಳಿದ ಕಿವಿ ಎಂಬ ನನ್ನ ಅಹಂಕಾರಕ್ಕೆ ಮಾತ್ರ ಸರಿಯಾದ ಪೆಟ್ಟು ಬಿತ್ತು.

ಅಂದಿನಿಂದ ನಾನು ಯಾವುದನ್ನು, ಏಕೆ ಮೆಚ್ಚುತ್ತೇನೆ ಎಂದು ಕೇಳಿಕೊಳ್ಳುತ್ತ ಬಂದಿದ್ದೇನೆ. ಮುಂದೆ ಹೇಳುವುದೆಲ್ಲ ಒಬ್ಬ ಕೇಳುಗನ ಅಭಿಪ್ರಾಯ. ಸಂಗೀತಶಾಸ್ತ್ರಜ್ಞರು ಇದನ್ನು ಒಪ್ಪಬೇಕಾಗಿಲ್ಲ.

ಮಲ್ಲಿಕಾರ್ಜುನ ಮನ್ಸೂರರ (1910–1992) ಕೊನೆಗಾಲದ ಗಾಯನ ನನಗೆ ಅವರ ಯೌವನದ ಗಾಯನಕ್ಕಿಂತ ಹೆಚ್ಚು ಪ್ರಿಯ. ಕಂಠ ತೆಳುವಾಗಿದೆ, ಅಲ್ಲಲ್ಲಿ ಒಡೆಯುತ್ತದೆ. ಆದರೂ ಒಂದು ಸ್ವರಪಂಕ್ತಿ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಹೊರಟಿರುತ್ತದೆ. ಸಮ್‌ಗೆ ಯಾವ ದಾರಿಯಿಂದ ಬರುತ್ತಾರೆಂದು ಊಹಿಸಲಾಗುವುದಿಲ್ಲ. ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳನ್ನು ಆ ವಯಸ್ಸಿನಲ್ಲಿ ಎತ್ತಿಕೊಂಡಾಗ ಅದು ಪಾಂಡಿತ್ಯದ ಪ್ರದರ್ಶನವಾಗುವುದಿಲ್ಲ, ಉಸಿರಿನೊಡನೆ ನಡೆಸಿದ ಲೆಕ್ಕಾಚಾರವಾಗುತ್ತದೆ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರು (1924–1992) ಕ್ಷಯರೋಗದಿಂದಾಗಿ ಹಲವು ವರ್ಷ ಹಾಡಲಿಲ್ಲ. ಮರಳಿ ಬಂದಾಗ ಅವರ ತುಂಡು ಪಂಕ್ತಿಗಳೂ ನಡುವಿನ ಮೌನವೂ ಗಾಯನದ ವ್ಯಾಕರಣವೇ ಆದವು. ಗಂಗೂಬಾಯಿ ಹಾನಗಲ್ಲರ ಕಂಠ ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಡುಸಾಯಿತು; ಆ ಗಡುಸಿಲ್ಲದ ಗಂಗೂಬಾಯಿಯವರನ್ನು ಇಂದು ನಾವು ಕಲ್ಪಿಸಿಕೊಳ್ಳಲಾರೆವು. ಈ ಮೂವರಲ್ಲಿಯೂ ರಸಭಂಗವಾಗಬಹುದಾಗಿದ್ದ ಜಾಗದಲ್ಲಿಯೇ ರಸ ಹುಟ್ಟಿದೆ. ಬಿರುಕನ್ನು ಮುಚ್ಚಲು ಅವರು ಇನ್ನೊಬ್ಬಳನ್ನು ತಂದು ನಿಲ್ಲಿಸಲಿಲ್ಲ.

ಹಾಗೆಂದು ಒಡಕು ದನಿಯೆಲ್ಲ ಶ್ರೇಷ್ಠವೆಂದು ನಾನು ಹೇಳಲಾರೆ. ಹೆಸರಿನ ಭಾರಕ್ಕೆ ಬಾಗಿ ಬೇಸುರಕ್ಕೂ ಚಪ್ಪಾಳೆ ತಟ್ಟುವ ಸಭೆಗಳನ್ನು ಕಂಡಿದ್ದೇನೆ. ಅಲ್ಲಿಯೂ ಯಾರೂ ಕೇಳುತ್ತಿರುವುದಿಲ್ಲ.

ಸುಗಮ ಸಂಗೀತದ ವಿಷಯದಲ್ಲಿ ನನ್ನ ಮನಸ್ಸು ಅಷ್ಟು ಉದಾರವಲ್ಲ. ಸಿ. ಅಶ್ವತ್ಥರ ಕಂಠದ ಒರಟುತನ ಶಿಶುನಾಳ ಷರೀಫರಿಗೆ ಒಪ್ಪುತ್ತದೆ. ಅವರ ಅನುಕರಣೆಯಲ್ಲಿ ಹುಟ್ಟಿದ ಅಬ್ಬರ ಒಪ್ಪುವುದಿಲ್ಲ. ಇಂದು ಬರುವ ಭಾವಗೀತೆಗಳ ಧ್ವನಿಮುದ್ರಿಕೆಗಳಲ್ಲಿ ಯಂತ್ರವು ಶ್ರುತಿಯನ್ನು ಇಸ್ತ್ರಿ ಮಾಡಿ ಕೊಟ್ಟಿರುತ್ತದೆ. ಗಾಯಕರ ಹೆಸರು ನೋಡದೆ ಯಾರು ಹಾಡಿದರೆಂದು ಗುರುತಿಸಲಾಗದು.

ಗಮಕವೂ ಇತ್ತೀಚೆಗೆ ಕಛೇರಿಯತ್ತ ವಾಲುತ್ತಿದೆ ಎಂಬುದು ನನ್ನ ಆಕ್ಷೇಪ. ಕುಮಾರವ್ಯಾಸನ ಭಾಮಿನಿಯಲ್ಲಿ ಅರ್ಥವು ಸಾಲಿನ ಕೊನೆಯನ್ನು ಲೆಕ್ಕಿಸದೆ ಮುಂದಿನ ಸಾಲಿಗೆ ಹಾರುತ್ತದೆ. ರಾಗದ ಸೊಗಸಿಗಾಗಿ ಸಾಲಿನ ತುದಿಯಲ್ಲಿ ನಿಂತು ಆಲಾಪಿಸಿದರೆ ಕ್ರಿಯಾಪದ ಅನಾಥವಾಗುತ್ತದೆ. ಒಳ್ಳೆಯ ಗಮಕಿ ಮೊದಲು ಓದುಗ, ಹಾಡುಗಾರಿಕೆ ಆಮೇಲಿನದು.

ಯಕ್ಷಗಾನಕ್ಕಿಂತ ತಾಳಮದ್ದಳೆ ನನಗೆ ಇಷ್ಟ ಎಂದರೆ ಕರಾವಳಿಯ ಮಿತ್ರರು ಮುನಿಯುತ್ತಾರೆ. ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ ಮುಗಿದೊಡನೆ ಅರ್ಥಧಾರಿಯು ಬರೆದಿಟ್ಟ ಪಾಠವಿಲ್ಲದೆ ಮಾತನಾಡಬೇಕು. ಎದುರಾಳಿಯ ಪ್ರಶ್ನೆಗೆ ಕರ್ಣನ ಪಾತ್ರಧಾರಿಯು ಉತ್ತರ ತೋಚದೆ ಅರೆಕ್ಷಣ ತಡವರಿಸುತ್ತಾನಲ್ಲ, ಆಗ ಇಡೀ ಸಭೆ ಮುಂದಕ್ಕೆ ಬಾಗುತ್ತದೆ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಮಾತನ್ನು ಕೈಬಿಟ್ಟು ಕುಣಿತ, ಬಣ್ಣ, ಹಾಡುಗಳಿಗೆ ಒತ್ತು ಕೊಟ್ಟರು. ಆ ಸೌಂದರ್ಯಪ್ರಜ್ಞೆಗೆ ನನ್ನ ಗೌರವವಿದೆ. ಆದರೆ ಮಾತಿನೊಡನೆ ಆ ಅರೆಕ್ಷಣವೂ ಹೊರಟುಹೋಯಿತು.

ಈ ವಾದವನ್ನು ಕೇಳಿದ ಸಹೋದ್ಯೋಗಿಯೊಬ್ಬರು ನಕ್ಕು, “ಮನ್ಸೂರರನ್ನು ನೀವು ಎದುರು ಕುಳಿತು ಕೇಳಿದ್ದೀರಾ?” ಎಂದರು. ಇಲ್ಲ. ನಾನು ಕೇಳಿದ್ದೆಲ್ಲ ಧ್ವನಿಮುದ್ರಣ. ಗಾಯಕರು ಇಲ್ಲವಾದ ಮೇಲೂ ಅವರ ಜಾಗದಲ್ಲಿ ನಿಂತು ಹಾಡುತ್ತಿರುವ ಇನ್ನೊಂದು ರೂಪವನ್ನೇ ನಾನು ಇಷ್ಟು ಪ್ರೀತಿಸಿದ್ದೇನೆ. ಇದಕ್ಕೆ ನನ್ನಲ್ಲಿ ಸಮರ್ಪಕ ಉತ್ತರವಿಲ್ಲ. ಧ್ವನಿಮುದ್ರಣವು ತಾನು ಧ್ವನಿಮುದ್ರಣವೆಂದು ಒಪ್ಪಿಕೊಳ್ಳುತ್ತದೆ, ಟ್ರ್ಯಾಕ್ ಒಪ್ಪಿಕೊಳ್ಳುವುದಿಲ್ಲ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಇಲ್ಲಿ ಜನ್ನ ನೆನಪಾಗುತ್ತಾನೆ. 1209ರ ಯಶೋಧರ ಚರಿತೆಯಲ್ಲಿ ಇರುಳು ಗಜಶಾಲೆಯ ಕಡೆಯಿಂದ ತೇಲಿಬಂದ ಹಾಡಿಗೆ ಅಮೃತಮತಿ ಮನಸೋಲುತ್ತಾಳೆ. ಹಾಡಿದವನು ವಿಕಾರರೂಪಿ ಮಾವಟಿಗ ಎಂದು ಸಖಿ ಹೇಸಿಕೊಂಡು ಹೇಳಿದರೂ ಅವಳ ಮನಸ್ಸು ಕದಲುವುದಿಲ್ಲ. ಅವಳ ಮುಂದಿನ ನಡೆಗಳನ್ನು ಜನ್ನ ಕ್ಷಮಿಸುವುದಿಲ್ಲ; ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳನ್ನು ನಾನೂ ಸಮರ್ಥಿಸಲಾರೆ. ಆದರೆ ಕೇಳುಗಳಾಗಿ ಅವಳನ್ನು ತಪ್ಪೆನ್ನುವುದು ನನಗೆ ಕಷ್ಟ. ಅರಮನೆಯಲ್ಲಿ ಅದೇ ಇರುಳು ಬೇರೆಯವರ ಕಿವಿಗೂ ಆ ದನಿ ಬಿದ್ದಿರಬೇಕು. ಹಾಡಿದವರು ಯಾರೆಂದು ತಿಳಿಯಲು ಸಖಿಯನ್ನು ಕಳಿಸಿದವಳು ಅವಳೊಬ್ಬಳೇ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ಕಥೆಯನ್ನು ಮತ್ತೆ ಎತ್ತಿಕೊಂಡದ್ದು ಸುಮ್ಮನೆ ಅಲ್ಲ.

“ಅಮೃತಮತಿಯ ಅಧಃಪತನವನ್ನು ವಿವರಿಸಿ” ಎಂಬ ಪ್ರಶ್ನೆಯನ್ನು ಆಂತರಿಕ ಪರೀಕ್ಷೆಗೆ ನಾನೇ ಹಲವು ಸಲ ಕೊಟ್ಟಿದ್ದೇನೆ. ಈ ವರ್ಷ ಅದನ್ನು ತೆಗೆದು, ಆ ಇರುಳು ಅವಳು ಕೇಳಿದ್ದೇನು ಎಂದು ಬರೆಯಿರಿ ಎಂದು ಕೇಳಿದ್ದೇನೆ. ಉತ್ತರಪತ್ರಿಕೆಗಳು ಇನ್ನೂ ಬರಬೇಕಾಗಿವೆ.