ಪೇಶವೆಯರ ಮುಖ ಬರೆದ ಸ್ಕಾಟ್ಲಂಡದ ಚಿತ್ರಕಾರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಮ್ಮ ವಾಚಕರಿಗೆ ಪೇಶವೆಯರ ಹೆಸರು ಹೊಸದಲ್ಲ. 1790ರಲ್ಲಿ ಪುಣೆಯಲ್ಲಾದ ಒಪ್ಪಂದದ ಮೇರೆಗೆ ಪರಶುರಾಮಭಾವು ಪಟವರ್ಧನರ ದಂಡು ಟಿಪ್ಪೂ ಸುಲ್ತಾನನ ವಶದಲ್ಲಿದ್ದ ಧಾರವಾಡದ ಕೋಟೆಯನ್ನು ಮುತ್ತಿತು. 1792ರ ಶ್ರೀರಂಗಪಟ್ಟಣದ ಕೌಲಿನಿಂದ ತುಂಗಭದ್ರೆಯ ಈಚೆಯ ಸೀಮೆಯು ಪೇಶವೆಯರಿಗೆ ಸೇರಿತು. ಅಂದು ನಮ್ಮ ಹಿರಿಯರನ್ನು ಆಳಿದವರ ಮುಖಗಳು ಇಂದು ನಮಗೆ ತಿಳಿದಿದ್ದರೆ, ಅದಕ್ಕೆ ಜೇಮ್ಸ್ ವೇಲ್ಸ್ ಎಂಬ ಪರದೇಶದ ಚಿತ್ರಕಾರನೇ ಬಹುಮಟ್ಟಿಗೆ ಕಾರಣನು.

ಆತನು 1747ರಲ್ಲಿ ಸ್ಕಾಟ್ಲಂಡದ ಕಡಲತೀರದ ಪೀಟರ್‌ಹೆಡ್ ಎಂಬ ಊರಲ್ಲಿ ಹುಟ್ಟಿ, ಅಬರ್ಡೀನಿನಲ್ಲಿ ಓದಿ, ಲಂಡನ್ನಿನಲ್ಲಿ ಚಿತ್ರಗಳನ್ನು ಪ್ರದರ್ಶಿಸಿದನು. 1791ರಲ್ಲಿ, ನಾಲ್ವತ್ತು ದಾಟಿದ ಮೇಲೆ, ಹಡಗನ್ನೇರಿ ಮುಂಬಯಿಗೆ ಬಂದನು. ಪುಣೆಯಲ್ಲಿ ಇಂಗ್ಲಿಷರ ರೆಸಿಡೆಂಟನಾಗಿದ್ದ ಚಾರ್ಲ್ಸ್ ಮ್ಯಾಲೆಟ್ಟನ ಆಶ್ರಯ ದೊರೆತು, ತರುಣ ಪೇಶವೆ ಸವಾಯಿ ಮಾಧವರಾಯರ ಮತ್ತು ಕಾರಭಾರಿ ನಾನಾ ಫಡಣೀಸರ ಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ಬರೆದನು. ಮಹಾದಜಿ ಶಿಂದೆಯವರೂ ಆತನ ಕುಂಚಕ್ಕೆ ವಿಷಯವಾದರು.

ಶನಿವಾರವಾಡೆಯಲ್ಲಿ ಒಂದು ಚಿತ್ರಶಾಲೆಯೂ ನಡೆಯಿತು. ಆ ವರುಷಗಳಲ್ಲಿ ವೇಲ್ಸನೊಡನೆಯೂ ಮ್ಯಾಲೆಟ್ಟನಿಗಾಗಿಯೂ ದುಡಿದವನು ಪುಣೆಯ ಗಂಗಾರಾಮ ಚಿಂತಾಮಣ ತಾಂಬಟ. ಆತನ ಅಡ್ಡಹೆಸರೇ ತಾಮ್ರಗೆಲಸವನ್ನು ಸೂಚಿಸುವುದು. ವೇರುಳದ ಗುಹೆಗಳನ್ನೂ, ಪೇಶವೆಯರ ಪ್ರಾಣಿಶಾಲೆಯ ಖಡ್ಗಮೃಗವನ್ನೂ ಆತನು ಕಣ್ಣಿಗೆ ಕಟ್ಟುವಂತೆ ಬರೆದನು.

1795ರಲ್ಲಿ ಪೇಶವೆಯರು ತೀರಿಕೊಂಡರು. ಅದೇ ವರುಷ, ಕಾನ್ಹೇರಿಯ ಗುಹೆಗಳನ್ನು ಬರೆಯುತ್ತಿದ್ದ ಕಾಲದಲ್ಲಿ, ವೇಲ್ಸನೂ ಸಾಷ್ಟಿಯಲ್ಲಿ ಮಡಿದನು. ಚಿತ್ರಶಾಲೆ ಬಾಳಲಿಲ್ಲ. ಆತನ ಮಗಳು ಸುಸಾನಾಳನ್ನು 1799ರಲ್ಲಿ ಮ್ಯಾಲೆಟ್ಟನು ವಿವಾಹವಾದನು. 1803ರಲ್ಲಿ ಥಾಮಸ್ ಡೇನಿಯಲ್ಲನು ವೇರುಳದ ಗುಹಾಚಿತ್ರಗಳ ಸಂಪುಟವನ್ನು ವೇಲ್ಸನ ಹೆಸರಿನಿಂದ ಪ್ರಕಟಿಸಿದನು. ಗಂಗಾರಾಮನ ಹಾಳೆಗಳಾದರೋ ಕಡಲು ದಾಟಿ, ಈಗ ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಆತನ ಹೆಸರನ್ನು ಬಲ್ಲವರು ನಮ್ಮಲ್ಲಿ ವಿರಳ.

ಅರಸನ ಆಶ್ರಯವನ್ನೇ ನಂಬಿದ ವಿದ್ಯೆಗೆ ಅರಸನೊಡನೆಯೇ ಆಯುಷ್ಯ ತೀರುವುದು. ಊರು ನೆಟ್ಟು ಬೆಳೆಸಿದ ವಿದ್ಯೆ ತಲೆಮಾರುಗಳನ್ನು ದಾಟುವುದು. ಗದಗಿನಲ್ಲಿ ಟಿ. ಪಿ. ಅಕ್ಕಿಯವರು ವಿಜಯ ಕಲಾಮಂದಿರವನ್ನು ಕಟ್ಟಿ ಸಾಮಾನ್ಯರ ಮಕ್ಕಳಿಗೆ ಚಿತ್ರವಿದ್ಯೆಯನ್ನು ಕಲಿಸಿದ್ದು ಈ ದೃಷ್ಟಿಯಿಂದ ದೊಡ್ಡ ಉಪಕಾರವೇ ಸರಿ.

ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯ ಮಗು ಇದ್ದಲಿನಿಂದ ಗೋಡೆಯ ಮೇಲೆ ಗೀಚಿದರೆ ಗದರಿಸುವ ಮುನ್ನ ಒಂದು ಹಾಳೆಯನ್ನು ಕೊಡಿರಿ. ಬರೆದುದು ಚೆನ್ನಾಗಿದ್ದರೆ ಅದರ ಕೆಳಗೆ ಮಗುವಿನ ಹೆಸರನ್ನೂ ಇಸವಿಯನ್ನೂ ಕಾಣಿಸಿ ಜೋಪಾನವಾಗಿ ಇಡಿರಿ.