ಎಲುಬು, ಕೀಲು, ಸ್ನಾಯು: ವೈದ್ಯರ ಮಾತನ್ನು ಬಿಡಿಸಿ ಓದೋಣ

ಭಾಷೆಯೊಂದನ್ನು ಚೆನ್ನಾಗಿ ಅರಿಯಲು ವ್ಯಾಕರಣ ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ರೋಗಗಳ ಹೆಸರುಗಳಿಗೂ ಒಂದು ವ್ಯಾಕರಣವಿದೆ, ಅದನ್ನು ಸಾಮಾನ್ಯ ಗೃಹಸ್ಥನೂ ಕಲಿಯಬೇಕು ಎಂದರೆ ಹಲವರು ಹುಬ್ಬೇರಿಸುತ್ತಾರೆ. "ಅದು ವೈದ್ಯರ ಕೆಲಸ, ನಮಗೇಕೆ?" ಎಂಬುದು ವಾಡಿಕೆಯ ಉತ್ತರ. ಈ ಉತ್ತರ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ತುರ್ಭೆಯಲ್ಲಿ ನೆಲೆಸಿರುವ ನಮಗಂತೂ ಅದು ಸರ್ವಥಾ ಸಲ್ಲದು.

ತುರ್ಭೆ ಮೈಮುರಿದು ದುಡಿಯುವವರ ಊರು. ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ, ಬಟಾಟೆಗಳ ಮೂಟೆ ಹೊರುವ ಮಾಥಾಡಿಗಳು, ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ದಿನವಿಡೀ ನಿಂತೇ ಇರುವ ಕಾರ್ಮಿಕರು, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಓಡಾಡುವ ನೌಕರರು, ನೀರು ತುಂಬಿದ ಕೊಡಗಳನ್ನೆತ್ತುವ ಗೃಹಿಣಿಯರು, ಇವರೆಲ್ಲರ ನಿಜವಾದ ಬಂಡವಾಳ ಎಲುಬು, ಕೀಲು ಮತ್ತು ಸ್ನಾಯುಗಳೇ. ವಯಸ್ಕ ಪುರುಷನು ಹೊರುವ ಹೊರೆ 55 ಕಿಲೋಗ್ರಾಮ್ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಶಿಫಾರಸು ಮಾಡಿತು. ಮಹಾರಾಷ್ಟ್ರ ಸರ್ಕಾರ 1969ರಲ್ಲಿ ಮಾಥಾಡಿ ಕಾಯಿದೆಯನ್ನು ತಂದಿತು. ಕಾಯಿದೆಯು ಕೂಲಿಯನ್ನು ಕಾಯಬಲ್ಲುದು. ಎಕ್ಸ್‌ರೇ ವರದಿಯಲ್ಲಿ ಬರೆದ ಶಬ್ದದ ಅರ್ಥವನ್ನು ಅದು ಹೇಳಿಕೊಡದು.

ಆ ಶಬ್ದಗಳು ಬಹುಮಟ್ಟಿಗೆ ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ನೋಡಲು ಭಯಂಕರ, ಬಿಡಿಸಿದರೆ ಸರಳ. 'ಆಸ್ಟಿಯೊ' ಎಂದರೆ ಎಲುಬು. ನಮಗೆ ಪರಿಚಿತವಾದ 'ಅಸ್ಥಿ' ಶಬ್ದಕ್ಕೆ ಅದು ದೂರದ ನೆಂಟ. 'ಆರ್ಥ್ರೊ' ಎಂದರೆ ಕೀಲು, 'ಮಯೊ' ಎಂದರೆ ಸ್ನಾಯು, 'ಕಾಂಡ್ರೊ' ಎಂದರೆ ಮೃದ್ವಸ್ಥಿ, 'ಸ್ಪಾಂಡಿಲೊ' ಎಂದರೆ ಬೆನ್ನುಮೂಳೆಯ ಮಣಿ. ಇವು ಪ್ರಕೃತಿಗಳು. ಇವುಗಳ ಮುಂದೆ ಪ್ರತ್ಯಯಗಳು ಸೇರುತ್ತವೆ: 'ಐಟಿಸ್' ಉರಿಯೂತ, 'ಆಲ್ಜಿಯಾ' ನೋವು, 'ಸ್ಕೋಪಿ' ಒಳಗೆ ಇಣುಕಿ ನೋಡುವುದು, 'ಆಟಮಿ' ಕೊಯ್ಯುವುದು, 'ಎಕ್ಟಮಿ' ಕೊಯ್ದು ತೆಗೆದುಹಾಕುವುದು, 'ಪ್ಲಾಸ್ಟಿ' ತಿದ್ದಿ ರೂಪಿಸುವುದು.

ಶಾಲೆಯಲ್ಲಿ ಲೋಪಸಂಧಿಯನ್ನು ಓದಿದ ಕನ್ನಡಿಗನಿಗೆ ಮುಂದಿನ ಪಾಠ ಕಷ್ಟವೇನಲ್ಲ. 'ಊರು' ಮತ್ತು 'ಅಲ್ಲಿ' ಕೂಡಿದಾಗ ಪೂರ್ವಪದದ ಸ್ವರ ಬಿದ್ದುಹೋಗಿ 'ಊರಲ್ಲಿ' ಆಗುವಂತೆ, 'ಆರ್ಥ್ರೊ' ಮತ್ತು 'ಐಟಿಸ್' ಕೂಡಿ 'ಆರ್ಥ್ರೈಟಿಸ್' ಆಗುತ್ತದೆ. 'ಸ್ಕೋಪಿ' ವ್ಯಂಜನದಿಂದ ಮೊದಲಾಗುವುದರಿಂದ 'ಆರ್ಥ್ರೊಸ್ಕೋಪಿ'ಯಲ್ಲಿ ಸ್ವರ ಉಳಿಯುತ್ತದೆ. ಎಲುಬುಗಳು ಕೂಡುವ ಎಡೆಗೂ, ಅಕ್ಷರಗಳು ಕೂಡುವ ಎಡೆಗೂ 'ಸಂಧಿ' ಎಂಬ ಒಂದೇ ಹೆಸರನ್ನು ನಾವು ಬಳಸುತ್ತೇವಲ್ಲವೇ!

ಇದು ಕೇವಲ ಶಬ್ದವಿನೋದವಲ್ಲ. 'ಆಸ್ಟಿಯೊಆರ್ಥ್ರೈಟಿಸ್' ಮತ್ತು 'ಆಸ್ಟಿಯೊಪೊರೋಸಿಸ್' ಎಂಬೆರಡನ್ನು ಒಂದೇ ಎಂದು ಭಾವಿಸುವವರು ಬಹಳ. ಮೊದಲನೆಯದು ಕೀಲಿನ ಬೇನೆ; ನಡೆದಾಗ, ಮೆಟ್ಟಿಲೇರಿದಾಗ ಮಂಡಿಯ ನೋವೇ ಅದನ್ನು ಸಾರುತ್ತದೆ. ಎರಡನೆಯದು ಎಲುಬು ಒಳಗೊಳಗೇ ರಂಧ್ರಮಯವಾಗಿ ಶಕ್ತಿಗುಂದುವ ಸ್ಥಿತಿ. ಅದು ಸಾಮಾನ್ಯವಾಗಿ ನೋಯುವುದಿಲ್ಲ. ಮುಟ್ಟು ನಿಂತ ಮಹಿಳೆಯರಲ್ಲಿ ಹೆಚ್ಚಾಗಿ ಕಾಣುವ ಈ ಸ್ಥಿತಿ ಎಷ್ಟೋ ವೇಳೆ ಬಿದ್ದು ಮೂಳೆ ಮುರಿದ ಮೇಲೆಯೇ ತಿಳಿಯುತ್ತದೆ.

ಕುತ್ತಿಗೆ, ಬೆನ್ನಿನ ನೋವಿಗೆಲ್ಲ 'ಸ್ಪಾಂಡಿಲೈಟಿಸ್' ಎಂದುಬಿಡುವುದು ನಮ್ಮಲ್ಲಿ ರೂಢಿ. ವಯಸ್ಸಿನೊಡನೆ ಬರುವ ಸವೆತದ ಹೆಸರು 'ಸ್ಪಾಂಡಿಲೋಸಿಸ್'. 'ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್' ಎಂಬುದು ಬೇರೆಯೇ ರೋಗ. ಅದು ಸಾಮಾನ್ಯವಾಗಿ ತಾರುಣ್ಯದಲ್ಲೇ ಆರಂಭವಾಗುವ ಉರಿಯೂತ. ಬೆಳಿಗ್ಗೆ ಏಳುವಾಗ ಬೆನ್ನು ಬಿಗಿದಿರುತ್ತದೆ, ಓಡಾಡಿದಂತೆ ಸಡಿಲವಾಗುತ್ತದೆ, ವಿಶ್ರಾಂತಿಯಿಂದ ಶಮನವಾಗುವುದಿಲ್ಲ. ಈ ಭೇದವನ್ನು ಕೇಳಿ ಬಲ್ಲ ತರುಣನು 'ಮೂಟೆ ಹೊತ್ತದ್ದರಿಂದ ಬಂದ ನೋವು' ಎಂದು ವರ್ಷಗಟ್ಟಲೆ ಸುಮ್ಮನಿರಲಾರನು.

'ಸರ್ವೈಕಲ್' ಎಂಬ ಶಬ್ದವನ್ನೂ ನೋಡಿ. ಅದರ ಅರ್ಥ ಕುತ್ತಿಗೆಗೆ ಸಂಬಂಧಿಸಿದ್ದು ಎಂದಷ್ಟೇ. ದೇಹದ ಕುತ್ತಿಗೆಗೂ ಗರ್ಭಕೋಶದ ಕೊರಳಿಗೂ ಅದೇ ಶಬ್ದ ಸಲ್ಲುತ್ತದೆ. ಕತ್ತುನೋವಿನ ಚೀಟಿಯಲ್ಲಿ ಅದನ್ನು ಕಂಡು ಕ್ಯಾನ್ಸರ್ ಎಂದು ಬೆದರುವುದೂ, ಗರ್ಭಕೊರಳಿನ ತಪಾಸಣೆಯ ಚೀಟಿಯನ್ನು ಕತ್ತುನೋವಿನದೆಂದು ಬದಿಗಿಡುವುದೂ ಸಮಾನವಾಗಿ ಅನರ್ಥಕಾರಿ.

ಅಲ್ಪವಿದ್ಯೆ ಅಪಾಯಕಾರಿ ಎಂಬ ಆಕ್ಷೇಪಣೆ ಇಲ್ಲಿ ಬರುತ್ತದೆ. ಅದರಲ್ಲಿ ಸತ್ಯಾಂಶವಿದೆ. 'ಮಯೊ' ಸ್ನಾಯುವಾದರೆ 'ಮಯಲೊ' ಮಜ್ಜೆ ಅಥವಾ ಬೆನ್ನುಹುರಿ. 'ಮಯಲೋಮ' ಸ್ನಾಯುವಿನ ಗಡ್ಡೆಯಲ್ಲ, ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್. ಪೋಲಿಯೊ ರೋಗದ ಪೂರ್ಣನಾಮವಾದ 'ಪೋಲಿಯೊಮಯಲೈಟಿಸ್' ಸೂಚಿಸುವುದು ಬಡಕಲಾದ ಸ್ನಾಯುವನ್ನಲ್ಲ, ಬೆನ್ನುಹುರಿಯ ಉರಿಯೂತವನ್ನು. ಆದುದರಿಂದ ಪದಭಾಗಗಳನ್ನು ಕಲಿಯುವುದು ತಾನೇ ರೋಗನಿರ್ಣಯ ಮಾಡಿಕೊಳ್ಳುವುದಕ್ಕಲ್ಲ. ಔಷಧದ ಅಂಗಡಿಯಿಂದ ನೋವಿನ ಗುಳಿಗೆ ಕೊಂಡು ತಿಂಗಳುಗಟ್ಟಲೆ ನುಂಗಿ ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸಿಕೊಳ್ಳುವುದಕ್ಕಂತೂ ಅಲ್ಲವೇ ಅಲ್ಲ. ಸರಿಯಾದ ಪ್ರಶ್ನೆಯನ್ನು ಕೇಳುವುದಕ್ಕಾಗಿ ಕಲಿಯಬೇಕು. ಶಸ್ತ್ರಚಿಕಿತ್ಸೆಯ ಒಪ್ಪಿಗೆಪತ್ರಕ್ಕೆ ಸಹಿ ಮಾಡುವವನಿಗೆ, ಮಂಡಿಯೊಳಗೆ ನೋಡುವ 'ಆರ್ಥ್ರೊಸ್ಕೋಪಿ'ಗೂ ಕೀಲನ್ನೇ ಹೊಸದಾಗಿ ರೂಪಿಸುವ 'ಆರ್ಥ್ರೊಪ್ಲಾಸ್ಟಿ'ಗೂ ಇರುವ ಅಂತರ ತಿಳಿಯದಿದ್ದರೆ ಆ ಒಪ್ಪಿಗೆಗೆ ಅರ್ಥವೇನು?

ಕಲಿಕೆ ಏಕಮುಖವಾಗಬಾರದು, ವೈದ್ಯರೂ ಜನರ ನುಡಿಗೆ ಇಳಿದುಬರಬೇಕು. ನಮ್ಮ ನುಡಿ ಬಡವಾದುದಲ್ಲ. ಲ್ಯಾಟಿನ್ನರು ಸ್ನಾಯುವನ್ನು ಪುಟ್ಟ ಇಲಿಗೆ ಹೋಲಿಸಿ 'ಮಸ್ಕ್ಯುಲಸ್' ಎಂದರು. ನಮ್ಮವರು ಮೊಣಕಾಲ ಹಿಂಬದಿಯ ಕೆಳಗಿನ ಸ್ನಾಯುವನ್ನು ಮೀನಿಗೆ ಹೋಲಿಸಿ 'ಮೀನಖಂಡ' ಎಂದರು. ಗುಂಡು ತಿರುಗುವ ಕೀಲನ್ನು ಸುಶ್ರುತನು ಒರಳಿಗೆ ಹೋಲಿಸಿ 'ಉಲೂಖಲ' ಎಂದನು. ವೈದ್ಯವಿಷಯಗಳನ್ನು ತಿಳಿಗನ್ನಡದಲ್ಲಿ ಹೇಳಬಹುದೆಂಬುದನ್ನು ಡಾ. ಅನುಪಮಾ ನಿರಂಜನ ಅವರಂತಹ ಲೇಖಕ-ವೈದ್ಯರು ತೋರಿಸಿಕೊಟ್ಟಿದ್ದಾರೆ. ನೆರೆಯ ಮರಾಠಿಯೂ ನಮಗೆ ದೂರವಲ್ಲ: ಅಲ್ಲಿನ 'ಸಾಂಧಾ' ನಮ್ಮ ಸಂಧಿ, 'ಮಣಕಾ' ನಮ್ಮ ಮಣಿ, 'ಸ್ನಾಯು' ಅಲ್ಲಿಯೂ ಸ್ನಾಯುವೇ.

ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಸನ್ಮಾನಗಳ ಜೊತೆಗೆ ಈ ಚಿಕ್ಕ ಕಾರ್ಯವನ್ನೂ ಕೈಗೆತ್ತಿಕೊಳ್ಳಲಿ. ಇಪ್ಪತ್ತು ಪದಭಾಗಗಳನ್ನು ಕನ್ನಡ, ಮರಾಠಿ ಅರ್ಥಗಳೊಡನೆ ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಹಚ್ಚಲಿ. ತಿಂಗಳಿಗೊಂದು ಭಾನುವಾರ ವೈದ್ಯರೊಬ್ಬರು ಬಂದು ಒಂದು ಗಂಟೆ ವಿವರಿಸಲಿ. ಇಂಗ್ಲಿಷ್ ಓದಬಲ್ಲ ಮಕ್ಕಳು ಅಜ್ಜ-ಅಜ್ಜಿಯರ ವರದಿಗಳನ್ನು ಬಿಡಿಸಿ ಓದಲು ಕಲಿಯಲಿ. ಖರ್ಚು ಅತ್ಯಲ್ಪ. ಹೊರೆಯನ್ನು ನಾವು ಹೊರಲೇಬೇಕಾಗಿದೆ. ಅರಿಯದ ಶಬ್ದದ ಭಯವನ್ನೂ ಅದರ ಮೇಲೆ ಹೇರಿಕೊಳ್ಳುವ ಅಗತ್ಯವಿಲ್ಲ.